ಎಲೆ, ಅಡಿಕೆ, ಸುಣ್ಣ ಮತ್ತು ಪ್ರಜ್ಞೆ

ಎಲೆಯಲ್ಲಿ ಆ ಕೆಂಪಿಲ್ಲ, ಸುಣ್ಣದಲ್ಲಂತೂ ಇಲ್ಲವೇ ಇಲ್ಲ. ಅಡಿಕೆಯೊಡನೆ ಕೂಡಿಸಿ ಜಗಿದರೆ ಬಾಯೆಲ್ಲ ಕೆಂಪು. ಜಡಭೂತಗಳು ಸೇರಿದಾಗ ಚೈತನ್ಯ ಹುಟ್ಟುವುದೂ ಹೀಗೆಯೇ ಎಂದರು ಚಾರ್ವಾಕರು. ದೇಹ ಬೇರೆ, ಮನಸ್ಸು ಬೇರೆ ಎಂದು 1641ರಲ್ಲಿ ಫ್ರೆಂಚ್ ತತ್ವಜ್ಞಾನಿ ದೆಕಾರ್ತ್ ವಾದಿಸಿದ. ಜಗಳ ಶತಮಾನಗಟ್ಟಲೆ ನಡೆಯಿತು.

1990ರಲ್ಲಿ ವಿಜ್ಞಾನಿಗಳಾದ ಫ್ರಾನ್ಸಿಸ್ ಕ್ರಿಕ್ ಮತ್ತು ಕ್ರಿಸ್ಟಾಫ್ ಕಾಖ್ ಇದನ್ನು ನರಕೋಶಗಳ ಪ್ರಶ್ನೆಯಾಗಿಸಿದರು: ಸೆಕೆಂಡಿಗೆ ಸುಮಾರು 40 ಬಾರಿಯ ಲಯದಲ್ಲಿ ಕೋಶಗಳು ಒಟ್ಟಿಗೆ ಮಿಡಿಯುವುದೇ ಪ್ರಜ್ಞೆಗೆ ಆಧಾರವಿರಬಹುದು ಎಂದು. 1994ರಲ್ಲಿ ತತ್ವಜ್ಞಾನಿ ಡೇವಿಡ್ ಚಾಮರ್ಸ್ ಅಡ್ಡಪ್ರಶ್ನೆ ಹಾಕಿದರು. ಮಿದುಳು ಕೆಂಪನ್ನು ಗುರುತಿಸುವ ಬಗೆಯನ್ನು ಬಿಡಿಸಿ ಹೇಳಬಹುದು; ಕೆಂಪು ಕಂಡ ಅನುಭವ ಅದರ ಜೊತೆಗೆ ಏಕೆ ಬರಬೇಕು? 25 ವರ್ಷದೊಳಗೆ ಪ್ರಜ್ಞೆಯ ನರಗುರುತು, ಅಂದರೆ ಅದಕ್ಕೆ ಆಧಾರವಾದ ಮಿದುಳಿನ ಚಟುವಟಿಕೆ, ಸ್ಪಷ್ಟವಾಗಿ ಸಿಗುತ್ತದೆಂದು 1998ರಲ್ಲಿ ಕಾಖ್ ಇದೇ ಚಾಮರ್ಸ್ ಜೊತೆ ಪಂಥ ಕಟ್ಟಿದರು. 2023ರಲ್ಲಿ ಕಾಖ್ ಸೋಲೊಪ್ಪಿ ವೈನ್ ಕೊಟ್ಟರು.

ಅದೇ ಹೊತ್ತಿಗೆ ಪ್ರಜ್ಞೆಯ ಬಗೆಗಿನ ಎರಡು ಸಿದ್ಧಾಂತಗಳನ್ನು ಒಂದೇ ಪ್ರಯೋಗದಲ್ಲಿ ಎದುರುಬದುರು ನಿಲ್ಲಿಸಲಾಗಿತ್ತು. 256 ಜನರಿಗೆ ಮುಖ, ವಸ್ತು, ಅಕ್ಷರಗಳನ್ನು ಅರ್ಧ, ಒಂದು, ಒಂದೂವರೆ ಸೆಕೆಂಡು ತೋರಿಸಿದರು. ಚಿತ್ರ ಇರುವಷ್ಟು ಹೊತ್ತೂ ಮಿದುಳಿನ ಹಿಂಭಾಗದ ಪ್ರದೇಶಗಳು ತಾಳ ಹೊಂದಿಸಿಕೊಂಡಿರಬೇಕು ಎಂದಿತ್ತು ಒಂದು; ಚಿತ್ರ ಮರೆಯಾದ ಕ್ಷಣ ಮುಂಭಾಗ ಮತ್ತೊಮ್ಮೆ ಹೊತ್ತಿಕೊಳ್ಳಬೇಕು ಎಂದಿತ್ತು ಇನ್ನೊಂದು. 2025ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಆ ತಾಳವೂ ನಿಲ್ಲಲಿಲ್ಲ, ಆ ಹೊತ್ತಿಕೊಳ್ಳುವಿಕೆಯೂ ಬಹುಮಟ್ಟಿಗೆ ಕಾಣಲಿಲ್ಲ. ಭೌತಿಕ ವಿವರಣೆಯೇ ಬಿದ್ದುಹೋಯಿತು ಎಂದು ಇದನ್ನು ಓದುವುದು ತಪ್ಪು. ಬಿದ್ದದ್ದು ಎರಡು ನಿರ್ದಿಷ್ಟ ಊಹೆಗಳು.

ಬಿಡಿಭಾಗ ಎಣಿಸಿದರೆ ಸಾಲದು ಎಂಬುದಕ್ಕೆ ಸಾಕ್ಷಿ ಕಿರುಮಿದುಳು. ನಮ್ಮ ಸುಮಾರು 8,600 ಕೋಟಿ ನರಕೋಶಗಳಲ್ಲಿ 6,900 ಕೋಟಿ ಅಲ್ಲೇ ಇವೆ. ಅದಕ್ಕೆ ಪೆಟ್ಟು ಬಿದ್ದರೆ ನಡಿಗೆ ತತ್ತರಿಸುತ್ತದೆ, ಮಾತು ತೊದಲುತ್ತದೆ, ಪ್ರಜ್ಞೆ ಹೋಗುವುದಿಲ್ಲ. ಹಾಗಾಗಿ ಅಳೆಯಬೇಕಾದದ್ದು ಕೋಶಗಳ ಸಂಖ್ಯೆಯನ್ನಲ್ಲ, ಅವುಗಳ ಕೂಡಿಕೆಯನ್ನು.

ಅಳೆಯುವ ದಾರಿಯೂ ಇದೆ. ತಲೆಯ ಮೇಲೆ ಕಾಂತೀಯ ಸುರುಳಿ ಹಿಡಿದು ಮಿದುಳಿಗೊಂದು ತಟ್ಟು ಕೊಡುತ್ತಾರೆ, ಎದ್ದ ಅಲೆಗಳನ್ನು ಮಿದುಳಿನ ವಿದ್ಯುತ್ ಚಟುವಟಿಕೆ ಹಿಡಿಯುವ ಇಇಜಿಯಲ್ಲಿ ದಾಖಲಿಸಿ ಜಿಪ್ ಫೈಲಿನಂತೆ ಕುಗ್ಗಿಸುತ್ತಾರೆ. ಗಾಢ ನಿದ್ರೆಯಲ್ಲಿ ಅಲೆ ಜೋರಾಗಿದ್ದರೂ ಏಕತಾನ, ಸುಲಭವಾಗಿ ಕುಗ್ಗುತ್ತದೆ. ಎಚ್ಚರದಲ್ಲಿ ಅದು ಹಲವು ಕಡೆ ಹಲವು ಬಗೆಯಲ್ಲಿ ಹರಡುವುದರಿಂದ ಅಷ್ಟು ಕುಗ್ಗದು. ಸೊನ್ನೆಯಿಂದ ಒಂದರವರೆಗಿನ ಈ ಅಳತೆಯಲ್ಲಿ ಗಡಿ 0.31; ಅಂಕ ಅದನ್ನು ದಾಟಿದರೆ ಪ್ರಜ್ಞೆ ಇರಬಹುದೆಂದು ಎಣಿಸುತ್ತಾರೆ. ಅನುಭವ ಏಕಿದೆ ಎಂಬುದಕ್ಕೆ ಇದು ಉತ್ತರವಲ್ಲ. ಆದರೆ 2016ರ ಅಧ್ಯಯನವೊಂದರಲ್ಲಿ, ಕಣ್ಣು ತೆರೆದರೂ ಯಾವ ಅರಿವಿನ ಕುರುಹೂ ತೋರದ 43 ರೋಗಿಗಳ ಪೈಕಿ 9 ಮಂದಿಯ ಅಂಕ ಆ ಗಡಿ ದಾಟಿತ್ತು.