ಎರಡು ಔಷಧಿ ಸೇರಿರುವ ಬಿಪಿ ಮಾತ್ರೆ ಕಿಡ್ನಿ ಹಾಳು ಮಾಡುತ್ತದಾ?

ಪ್ರಶ್ನೆ: ಅಮ್ಮನಿಗೆ 62 ವರ್ಷ. ಇಷ್ಟು ದಿನ ಅಮ್ಲೋಡಿಪಿನ್ 5 ತಗೊಳ್ತಿದ್ದರು, ಬಿಪಿ ಇಳಿಯಲಿಲ್ಲ. ಈಗ ಡಾಕ್ಟರು ಟೆಲ್ಮಿಸಾರ್ಟನ್ 40, ಅಮ್ಲೋಡಿಪಿನ್ 5 ಎರಡೂ ಇರುವ ಮಾತ್ರೆ ಬರೆದಿದ್ದಾರೆ. ಎರಡು ಔಷಧಿ ಒಟ್ಟಿಗೆ ಅಂದ್ರೆ ತುಂಬಾ ಸ್ಟ್ರಾಂಗ್ ಅಲ್ವಾ? ಕಿಡ್ನಿಗೆ ಪೆಟ್ಟು ಅಂತ ಎಲ್ಲರೂ ಹೆದರಿಸ್ತಿದ್ದಾರೆ. ದಿನ ಬಿಟ್ಟು ದಿನ ಕೊಡಬಹುದಾ?

ಉತ್ತರ: ಬೇಡ. ಡಾಕ್ಟರು ಬರೆದ ಹಾಗೇ ದಿನಾ ಕೊಡಿ. ಇದೇ ಪ್ರಶ್ನೆ ಅಪ್ಪನ ಹೆಸರಲ್ಲಿ, ಅತ್ತೆಯ ಹೆಸರಲ್ಲಿ ಬರುತ್ತಲೇ ಇರುತ್ತದೆ. ಎಷ್ಟು ಸಲ ಹೇಳಿದರೂ ಈ ಕಿಡ್ನಿ ಭಯ ಮಾತ್ರ ಜನರನ್ನು ಬಿಡುತ್ತಿಲ್ಲ. ಈ ಸಲ ಪೂರ್ತಿ ಬಿಡಿಸಿ ಹೇಳುತ್ತೇನೆ.

ಮೊದಲು "ಸ್ಟ್ರಾಂಗ್" ಅನ್ನೋದನ್ನು ನೋಡೋಣ. ಟೆಲ್ಮಿಸಾರ್ಟನ್ ದಿನಕ್ಕೆ 80 ಮಿಲಿಗ್ರಾಂವರೆಗೆ, ಅಮ್ಲೋಡಿಪಿನ್ 10ರವರೆಗೆ ಕೊಡುತ್ತಾರೆ. ನಿಮ್ಮ ಅಮ್ಮನ ಮಾತ್ರೆಯಲ್ಲಿರುವುದು ಎರಡರಲ್ಲೂ ಅದರ ಅರ್ಧ. ಒಂದೇ ಎತ್ತಿಗೆ ಪೂರ್ತಿ ಭಾರ ಹೊರಿಸುವ ಬದಲು ಜೋಡಿ ಕಟ್ಟಿದ ಹಾಗೆ ಇದು. ಒಂದೇ ಔಷಧಿಯ ಡೋಸ್ ಡಬಲ್ ಮಾಡಿದರೆ ಬಿಪಿ ಇನ್ನೊಂದು ಸ್ವಲ್ಪ ಇಳಿಯುತ್ತದೆ, ಅಷ್ಟೇ. ಬೇರೆ ರೀತಿ ಕೆಲಸ ಮಾಡುವ ಇನ್ನೊಂದನ್ನು ಸೇರಿಸಿದರೆ ಅದಕ್ಕಿಂತ ಎಷ್ಟೋ ಜಾಸ್ತಿ ಇಳಿಯುತ್ತದೆ. ಇಂಥ ಜೋಡಿ ಮಾತ್ರೆಗಳನ್ನು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿದೆ.

ಇನ್ನೊಂದು ಲಾಭವೂ ಇದೆ. ಅಮ್ಲೋಡಿಪಿನ್ 10ಕ್ಕೆ ಏರಿಸಿದರೆ ಸುಮಾರು ಜನಕ್ಕೆ ಸಂಜೆ ಹೊತ್ತಿಗೆ ಪಾದ ಊದಿಕೊಳ್ಳುತ್ತದೆ, ಚಪ್ಪಲಿ ಬಿಗಿಯಾಗುತ್ತದೆ. 5ರಲ್ಲೇ ನಿಲ್ಲಿಸಿ ಟೆಲ್ಮಿಸಾರ್ಟನ್ ಸೇರಿಸಿದರೆ ಈ ಊತ ಕಡಿಮೆ.

ಈಗ ಕಿಡ್ನಿ ವಿಷಯ. ಕಿಡ್ನಿಯನ್ನು ಹಾಳು ಮಾಡುವುದು ಬಿಪಿ, ಬಿಪಿ ಮಾತ್ರೆ ಅಲ್ಲ. ಕಿಡ್ನಿಯೊಳಗೆ ರಕ್ತ ಸೋಸುವ ನಾಳಗಳು ಕೂದಲೆಳೆಗಿಂತ ಸಣ್ಣವು. ವರ್ಷಗಟ್ಟಲೆ ಹೆಚ್ಚಿನ ಒತ್ತಡ ಬಿದ್ದರೆ ಅವು ಗಟ್ಟಿಯಾಗಿ ಮುಚ್ಚಿಹೋಗುತ್ತವೆ. ಟೆಲ್ಮಿಸಾರ್ಟನ್ ಗುಂಪಿನ ಔಷಧಿಗಳು ಅಲ್ಲಿನ ಒತ್ತಡವನ್ನೇ ಇಳಿಸುತ್ತವೆ. ಶುಗರ್ ಇದ್ದು ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿರುವವರಿಗೆ ಕಿಡ್ನಿ ಉಳಿಸಲೆಂದೇ ಈ ಗುಂಪಿನ ಔಷಧಿ ಬರೆಯುತ್ತಾರೆ. ಉಳಿಸುವ ಔಷಧಿಯ ಮೇಲೇ ಅಪವಾದ ಹೊರಿಸುತ್ತಿದ್ದೇವೆ!

ಹಾಗಾದರೆ ಈ ಮಾತು ಹುಟ್ಟಿದ್ದು ಎಲ್ಲಿ? ನನಗೆ ಕಾಣುವ ಕಾರಣ ಎರಡು. ಬಿಪಿ ಕಂಟ್ರೋಲ್ ಇಲ್ಲದೆ ಕಿಡ್ನಿ ಕೆಟ್ಟವರೆಲ್ಲ ಆ ಹೊತ್ತಿಗೆ ಮಾತ್ರೆಯನ್ನೂ ನುಂಗುತ್ತಿರುತ್ತಾರೆ. ನೋಡುವವರ ಕಣ್ಣಿಗೆ ಬೀಳುವುದು ಮಾತ್ರೆ. ಎರಡನೆಯದು, ಟೆಲ್ಮಿಸಾರ್ಟನ್ ಶುರು ಮಾಡಿದ ಹೊಸದರಲ್ಲಿ ಕ್ರಿಯಾಟಿನಿನ್ (ಕಿಡ್ನಿ ರಕ್ತದಿಂದ ಸೋಸಿ ಹೊರಹಾಕುವ ಕಸ) ಸ್ವಲ್ಪ ಏರಬಹುದು. ಒಳಗಿನ ಒತ್ತಡ ಇಳಿದಾಗ ಹಾಗಾಗುತ್ತದೆ, ಡಾಕ್ಟರಿಗೆ ಅದು ಗೊತ್ತಿರುತ್ತದೆ. ಶೇಕಡಾ 30ಕ್ಕಿಂತ ಜಾಸ್ತಿ ಏರಿದರೆ ಮಾತ್ರ ಅವರು ಕಾರಣ ಹುಡುಕುತ್ತಾರೆ. ಅದಕ್ಕೇ ಶುರು ಮಾಡಿದ ಕೆಲವು ವಾರಗಳಲ್ಲಿ ಕ್ರಿಯಾಟಿನಿನ್, ಪೊಟ್ಯಾಶಿಯಂ ಪರೀಕ್ಷೆ ಬರೆಯುವುದು. ಅದನ್ನು ತಪ್ಪಿಸಬೇಡಿ.

ಕಿಡ್ನಿಯ ಚಿಂತೆ ಇದ್ದರೆ ಕಣ್ಣಿಡಬೇಕಾದದ್ದು ಮಂಡಿನೋವಿಗೆ ನಾವೇ ಕೇಳಿ ತರುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ಮೇಲೆ. ಬಿಪಿ ಮಾತ್ರೆಯ ಕೆಲಸವನ್ನೂ ಇವು ಕೆಡಿಸುತ್ತವೆ, ಟೆಲ್ಮಿಸಾರ್ಟನ್ ಜೊತೆ ಸೇರಿದಾಗ ಕಿಡ್ನಿಗೂ ಅಪಾಯ. ವಾಂತಿ ಭೇದಿಯಾಗಿ ಮೈಯಲ್ಲಿ ನೀರು ಕಡಿಮೆಯಾದಾಗಲೂ ಹಾಗೇ. ಆಗ ಬಿಪಿ ಮಾತ್ರೆ ಒಂದೆರಡು ದಿನ ನಿಲ್ಲಿಸಬೇಕಾ ಅಂತ ಅವತ್ತೇ ಡಾಕ್ಟರಿಗೆ ಫೋನ್ ಮಾಡಿ ಕೇಳಿ.

ದಿನ ಬಿಟ್ಟು ದಿನ ಕೊಟ್ಟರೆ ಏನಾಗುತ್ತದೆ? ಅಮ್ಲೋಡಿಪಿನ್ ನಿಧಾನವಾಗಿ ಇಳಿಯುವ ಔಷಧಿ, ಮರುದಿನವೂ ಸ್ವಲ್ಪ ಉಳಿದಿರುತ್ತದೆ. ಟೆಲ್ಮಿಸಾರ್ಟನ್ ಒಂದು ದಿನಕ್ಕೆ ಸಾಕಾಗುವಂಥದ್ದು. ಅಂದರೆ ಎರಡನೇ ದಿನ ಜೋಡಿ ಮುರಿದಿರುತ್ತದೆ. ಅರ್ಧ ಮಾಡಿ ಕೊಡುವುದೂ ಬೇಡ. ಕೆಲವು ಕಂಪನಿಗಳ ಮಾತ್ರೆ ಎರಡು ಬಣ್ಣದ ಪದರದಲ್ಲಿರುತ್ತದೆ, ಕೈಯಲ್ಲಿ ಮುರಿದರೆ ಸಮ ಬರಲ್ಲ. ಟೆಲ್ಮಿಸಾರ್ಟನ್‌ಗೆ ತೇವ ತಾಗಿದರೂ ಕೆಡುತ್ತದೆ. ವಾರದ್ದೆಲ್ಲ ಬಿಚ್ಚಿ ಡಬ್ಬಿಗೆ ಹಾಕಿಡಬೇಡಿ. ನುಂಗುವಾಗಲೇ ಸ್ಟ್ರಿಪ್‌ನಿಂದ ತೆಗೆಯಿರಿ. ಒಂದು ಹೊತ್ತು ಮರೆತರೆ ಅದೇ ದಿನ ನೆನಪಾದಾಗ ಕೊಡಿ. ಮರುದಿನ ನೆನಪಾದರೆ ಎಂದಿನ ಒಂದೇ ಮಾತ್ರೆ, ಎರಡಲ್ಲ.

ನಿಜವಾಗಿ ಹೆದರಬೇಕಾದ ವಿಷಯವನ್ನು ಯಾರೂ ಕೇಳುವುದಿಲ್ಲ. ಮನೆಯಲ್ಲಿ ಹಳೇ ಅಮ್ಲೋಡಿಪಿನ್ ಸ್ಟ್ರಿಪ್ ಇನ್ನೂ ಇದೆಯಲ್ವಾ? ಅಮ್ಮ ಹೊಸದರ ಜೊತೆ ಅದನ್ನೂ ನುಂಗುತ್ತಿದ್ದರೆ ಗೊತ್ತಿಲ್ಲದೇ 10 ಮಿಲಿಗ್ರಾಂ ಆಯ್ತು. ಎದ್ದಾಗ ತಲೆ ಸುತ್ತಿ ಬೀಳಬಹುದು. ಹಳೆಯದನ್ನು ನಿಲ್ಲಿಸಬೇಕಾ ಅಂತ ಡಾಕ್ಟರನ್ನು ನೇರವಾಗಿ ಕೇಳಿ. ನಿಲ್ಲಿಸಿ ಅಂದರೆ ಆ ಸ್ಟ್ರಿಪ್ ಇವತ್ತೇ ಮನೆಯಿಂದ ಆಚೆ ಹೋಗಲಿ. ಅಂಗಡಿಯಲ್ಲಿ ಸ್ಟ್ರಿಪ್ ತಿರುಗಿಸಿ ಹಿಂಬದಿಯ ಸಣ್ಣ ಅಕ್ಷರ ಓದಿ. ಹೆಸರು ಒಂದೇ ಇದ್ದು ಕೊನೆಯಲ್ಲಿ ಎಎಂ (ಅಮ್ಲೋಡಿಪಿನ್ ಇದೆ ಅನ್ನುವ ಗುರುತು) ಬದಲು ಎಚ್ ಇದ್ದರೆ ಅದು ಸಾಮಾನ್ಯವಾಗಿ ಮೂತ್ರ ಹೆಚ್ಚಿಸುವ ಔಷಧಿ ಸೇರಿದ ಬೇರೆಯೇ ಮಾತ್ರೆ. ಮತ್ತೆ, ಮನೆಯಲ್ಲಿ ಗರ್ಭಿಣಿಗೆ ಬಿಪಿ ಬಂದರೆ ಅಮ್ಮನ ಸ್ಟ್ರಿಪ್‌ನಿಂದ ಒಂದು ಕೊಡುವುದು ಬೇಡವೇ ಬೇಡ. ಟೆಲ್ಮಿಸಾರ್ಟನ್ ಮಗುವಿಗೆ ಹಾನಿ ಮಾಡುತ್ತದೆ.

ಉಪ್ಪಿನ ಮಾತೂ ಹೇಳಿಬಿಡುತ್ತೇನೆ. ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಟೀ ಚಮಚದೊಳಗೆ ಇರಬೇಕು. ಉಪ್ಪಿನಕಾಯಿ, ಹಪ್ಪಳ ಎಲ್ಲ ಈ ಲೆಕ್ಕದಲ್ಲೇ. ಹಾಗಂತ ಅಂಗಡಿಯಿಂದ "ಲೋ ಸೋಡಿಯಂ" ಉಪ್ಪು ತರುವ ಮುಂಚೆ ಪ್ಯಾಕೆಟ್ ಹಿಂದೆ ನೋಡಿ. ಅದರಲ್ಲಿ ಸೋಡಿಯಂ ಬದಲಿಗೆ ಪೊಟ್ಯಾಶಿಯಂ ಕ್ಲೋರೈಡ್ ಬೆರೆಸಿರುತ್ತಾರೆ. ಟೆಲ್ಮಿಸಾರ್ಟನ್ ಕೂಡ ಪೊಟ್ಯಾಶಿಯಂ ಏರಿಸುತ್ತದೆ. ಎರಡೂ ಸೇರಿ ಮಿತಿ ಮೀರಿದರೆ ಹೃದಯದ ಬಡಿತವೇ ಏರುಪೇರಾಗುತ್ತದೆ. ಎಳನೀರಿನಲ್ಲೂ ಪೊಟ್ಯಾಶಿಯಂ ಇದೆ. ಕಿಡ್ನಿ ಚೆನ್ನಾಗಿದ್ದರೆ ಅಪರೂಪಕ್ಕೊಂದು ಎಳನೀರಿಗೆ ತೊಂದರೆ ಇಲ್ಲ. ಆ ಉಪ್ಪಿಗೆ ಮಾತ್ರ ಟೆಲ್ಮಿಸಾರ್ಟನ್ ತಗೊಳ್ಳುವವರೆಲ್ಲ ಡಾಕ್ಟರ ಒಪ್ಪಿಗೆ ಪಡೆಯಬೇಕು, ಕ್ರಿಯಾಟಿನಿನ್ ಆಗಲೇ ಜಾಸ್ತಿ ಇರುವವರು ಎಳನೀರಿಗೂ.