ಸಿಡಿದ ಗೀಸರನ್ನು ಅಂಗಡಿಯವರ ಕೈಗೆ ಕೊಡಬೇಡಿ

ಗೀಸರ್ ಸಿಡಿದರೆ ಮೊದಲು ಮೇನ್ ಆಫ್ ಮಾಡಿ, ಗಾಯವಾದವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಆಮೇಲೆ "ಹಳೇದು ಕೊಡಿ ಸಾರ್, ಹೊಸದು ಹಾಕ್ಸಿ ಕೊಡ್ತೀವಿ" ಅಂತ ಯಾರಾದರೂ ಬಂದರೆ ಸುಮ್ನೆ ಕೊಟ್ಟುಬಿಡಬೇಡಿ. ಏನು ಕೆಟ್ಟಿತ್ತು ಅನ್ನೋದಕ್ಕೆ ಸಾಕ್ಷಿ ಇರುವುದು ಅದರೊಳಗೇ.

ಸ್ಟೋರೇಜ್ ಗೀಸರ್‌ನಲ್ಲಿ ನೀರು ಸಾಕಷ್ಟು ಕಾದಾಗ ಥರ್ಮೋಸ್ಟಾಟ್ ಕರೆಂಟ್ ನಿಲ್ಲಿಸುತ್ತದೆ. ಅದು ಕೈಕೊಟ್ಟರೆ, ಮಿತಿಮೀರಿ ಬಿಸಿಯಾದಾಗ ಕರೆಂಟ್ ಕಡಿಯೋಕೆ ಥರ್ಮಲ್ ಕಟೌಟ್ ಇದೆ. ಅದೂ ಕೆಲಸ ಮಾಡದಿದ್ದರೆ ಒತ್ತಡ ಹೊರಬಿಡೋಕೆ ಸೇಫ್ಟಿ ವಾಲ್ವ್ ಇದೆ. ಈ ಯಾವುದೂ ತಡೆಯದೆ ಹೋದಾಗ ಅಪಾಯ. ಬಿಗಿಯಾಗಿ ಮುಚ್ಚಿದ ಟ್ಯಾಂಕಿನಲ್ಲಿ ಒತ್ತಡ 8 ಬಾರ್ (ಹೊರಗಿನ ಗಾಳಿಯ ಒತ್ತಡದ ಸುಮಾರು ಎಂಟು ಪಟ್ಟು) ಮುಟ್ಟಿದರೆ ನೀರು 100 ಡಿಗ್ರಿಗೆ ಕುದಿಯುವುದಿಲ್ಲ, ಸುಮಾರು 170 ಡಿಗ್ರಿವರೆಗೂ ನೀರಾಗಿಯೇ ಇರುತ್ತದೆ. ಟ್ಯಾಂಕ್ ಬಿರಿದ ಕೂಡಲೇ ಒತ್ತಡ ಇಳಿದು ಅದರಲ್ಲಿ ಒಂದಷ್ಟು ನೀರು ಕ್ಷಣದಲ್ಲಿ ಹಬೆಯಾಗುತ್ತದೆ, ಒಂದು ಲೀಟರ್ ನೀರು ಪೂರ್ತಿ ಹಬೆಯಾದರೆ ಸುಮಾರು 1,600 ಲೀಟರ್ ಜಾಗ ಬೇಕು, ಬಾತ್‌ರೂಮಿನ ಬಾಗಿಲು ಕಿತ್ತುಹೋಗೋದು ಅದಕ್ಕೇ.

ಈಗ ಒಡೆದ ಗೀಸರ್ ನೋಡಿ. ಥರ್ಮೋಸ್ಟಾಟಿನ ಕಾಂಟ್ಯಾಕ್ಟ್ ಬೆಸೆದುಕೊಂಡು ಕರೆಂಟ್ ನಿಲ್ಲದೆ ಹೋಗಿದ್ದರೆ ಒಂದು ಕಥೆ. ರಿಪೇರಿಯವರು ಕಟೌಟ್ ಬೈಪಾಸ್ ಮಾಡಿ ವೈರ್ ನೇರ ಕೊಟ್ಟಿದ್ದರೆ ಬೇರೆ ಕಥೆ. ಬೋರ್‌ವೆಲ್ ನೀರಿನ ಸುಣ್ಣ ಕಟ್ಟಿ ವಾಲ್ವ್ ಮುಚ್ಚಿಹೋಗಿದ್ದರೆ ಮತ್ತೊಂದು. ಕಾನೂನು ಕೇಳುವುದೂ ಇದನ್ನೇ. ತಯಾರಿಕೆಯ ದೋಷವೋ, ವಿನ್ಯಾಸದ ದೋಷವೋ, ಎಚ್ಚರಿಕೆಯನ್ನು ಸರಿಯಾಗಿ ಬರೆಯಲಿಲ್ಲವೋ, ಇಲ್ಲಾ ರಿಪೇರಿಯಲ್ಲಿ ಎಡವಟ್ಟಾಯಿತೋ? 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಆರನೇ ಅಧ್ಯಾಯದಲ್ಲಿ ತಯಾರಕರು, ಮಾರಿದವರು, ಸರ್ವಿಸ್ ಮಾಡಿದವರು ಎಲ್ಲರ ಹೊಣೆಯೂ ಬೇರೆಬೇರೆಯಾಗಿ ಬರೆದಿದೆ. ಆದರೆ ನೀವೇ ಒಳಗೆ ಏನಾದರೂ ಬದಲಾಯಿಸಿದ್ದರೆ ನಿಮ್ಮ ಕೇಸು ಸಡಿಲವಾಗುತ್ತದೆ.

ಬದಲಿ ಗೀಸರ್ ಸಿಕ್ಕಿತು ಅಂದಮಾತ್ರಕ್ಕೆ ಲೆಕ್ಕ ಚುಕ್ತಾ ಆಗಲ್ಲ ಅನ್ನೋದನ್ನು ಬಹಳ ಜನಕ್ಕೆ ಯಾರೂ ಹೇಳಿರುವುದಿಲ್ಲ, ಅದು ನನಗೆ ನಿಜಕ್ಕೂ ಬೇಸರದ ವಿಷಯ. ಸುಟ್ಟ ಮೈ, ಆಸ್ಪತ್ರೆ ಖರ್ಚು, ಒಡೆದ ಗೋಡೆ, ಗಾಯದ ಜೊತೆ ಬರುವ ಮಾನಸಿಕ ಯಾತನೆ, ಇವಕ್ಕೆಲ್ಲ ಪರಿಹಾರ ಕೇಳಬಹುದು. ವಾರಂಟಿ ಮುಗಿದಿದೆ ಅಂತ ಹೇಳಿ ನಿಮ್ಮನ್ನು ಬಾಗಿಲಲ್ಲೇ ತಡೆಯೋಕಾಗಲ್ಲ.

ಹಾಗಾಗಿ ಗೀಸರ್ ಬಿಚ್ಚೋಕೆ ಮೊದಲೇ ಎಲ್ಲಾ ಕಡೆಯಿಂದ ಫೋಟೋ ತೆಗೆಯಿರಿ. ಸೀರಿಯಲ್ ನಂಬರ್, ಐಎಸ್‌ಐ ಗುರುತಿನ ಜೊತೆಗಿರುವ ಸಿಎಂ/ಎಲ್ ನಂಬರ್ ಎರಡೂ ಓದುವ ಹಾಗಿರಲಿ. ಸಿಎಂ/ಎಲ್ ಅಂದರೆ ಐಎಸ್‌ಐ ಗುರುತು ಹಾಕಲು ಕಂಪನಿಗೆ ಕೊಟ್ಟ ಲೈಸೆನ್ಸಿನ ನಂಬರ್; ಅದನ್ನು ಆ ಗುರುತು ಕೊಡುವ ಸರ್ಕಾರಿ ಸಂಸ್ಥೆಯ ಬಿಐಎಸ್ ಕೇರ್ ಆ್ಯಪ್‌ಗೆ ಹಾಕಿದರೆ ಲೈಸೆನ್ಸ್ ಅಸಲಿಯೋ ಅಲ್ಲವೋ ಗೊತ್ತಾಗುತ್ತದೆ. ಬಿಲ್, ಡಿಸ್ಚಾರ್ಜ್ ಸಮ್ಮರಿ ಎತ್ತಿಡಿ.

ಲ್ಯಾಬ್ ಪರೀಕ್ಷೆ ಮಾಡಿಸೋದು ಹೇಗಪ್ಪಾ ಅಂತ ಹೆದರಬೇಡಿ. ಪರೀಕ್ಷೆಯಿಲ್ಲದೆ ದೋಷ ತೀರ್ಮಾನಿಸಲಾಗದಿದ್ದರೆ ಇಂಥ ದೂರು ವಿಚಾರಿಸುವ ಜಿಲ್ಲಾ ಗ್ರಾಹಕರ ಆಯೋಗವೇ ಗೀಸರನ್ನು ಸೀಲ್ ಮಾಡಿ ಪ್ರಯೋಗಾಲಯಕ್ಕೆ ಕಳಿಸಬಹುದು. ವರದಿಗೆ 45 ದಿನದ ಗಡುವಿದೆ. ಕೊಂಡ ಬೆಲೆ 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವಿಲ್ಲ, ನೀವು ವಾಸವಿರುವ ಜಿಲ್ಲೆಯಲ್ಲೇ ಕೊಡಬಹುದು, ವಕೀಲರು ಕಡ್ಡಾಯವಲ್ಲ. ಘಟನೆ ನಡೆದ 2 ವರ್ಷದೊಳಗೆ ಕೊಡಬೇಕು. ಎಲ್ಲಿಂದ ಶುರು ಮಾಡೋದು ಅಂತ ತಿಳಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ.