ಯಾವ ಚಂದ್ರಶೇಖರ್ ಸಾರ್?

ಹೋದ ತಿಂಗಳು ಶುಗರ್ ಟೆಸ್ಟ್ ಮಾಡಿಸೋಕೆ ಬೆಳಿಗ್ಗೆ ಆರೂವರೆಗೇ ಲ್ಯಾಬಿಗೆ ಹೋಗಿದ್ದೆ. ಹೊಟ್ಟೆ ಖಾಲಿ, ಮುಂದೆ ಹದಿನೈದು ಜನ. ಸ್ವಲ್ಪ ಹೊತ್ತಿಗೆ ಒಳಗಿಂದ ಒಬ್ಬ ಹುಡುಗಿ ಬಾಗಿಲಿಗೆ ಬಂದು ‘ಚಂದ್ರಶೇಖರ್’ ಅಂತ ಕೂಗಿದಳು. ಮೂವರು ಎದ್ದು ನಿಂತೆವು.

‘ಇನಿಷಿಯಲ್ ಏನ್ ಸಾರ್?’

ನಾನು ಟಿ.ಎಸ್. ಪಕ್ಕದವರು ಕೆ.ಎಸ್. ಅವರ ಆಚೆ ಇದ್ದವರೂ ಕೆ.ಎಸ್. ಒಬ್ಬರದು ಕಡೂರು, ಇನ್ನೊಬ್ಬರದು ಕುಣಿಗಲ್. ಹುಡುಗಿ ವಯಸ್ಸು ಕೇಳಿದಳು. ಅದರಲ್ಲೂ ಒಂದೇ ವರ್ಷದ ಫರಕು. ಕೊನೆಗೆ ಮೊಬೈಲ್ ನಂಬರಿನ ಕೊನೆಯ ನಾಲ್ಕು ಅಂಕಿ ಹೇಳಿಸಿ, ಕಡೂರಿನವರನ್ನು ಒಳಗೆ ಕರೆದಳು. ತಿಂಡಿ ತಿಂದು ಎರಡು ಗಂಟೆ ಬಿಟ್ಟು ಇನ್ನೊಮ್ಮೆ ರಕ್ತ ಕೊಡಬೇಕಿತ್ತು. ಮೂವರೂ ಎದುರಿನ ದರ್ಶಿನಿಗೆ ಹೋದೆವು. ಎರಡು ಗಂಟೆ ಇದೇ ಮಾತು: ನಮ್ಮ ಕಾಲದಲ್ಲಿ ಇಷ್ಟೊಂದು ಚಂದ್ರಶೇಖರರು ಯಾಕೆ? ಅಷ್ಟು ಜನರನ್ನು ಊರು ಬೇರೆ ಬೇರೆ ಮಾಡಿ ಹೇಗೆ ಗುರುತು ಹಿಡಿಯುತ್ತಿತ್ತು?

ಮೊದಲ ಪ್ರಶ್ನೆಗೆ ಉತ್ತರ ಸುಲಭ. ಅದು ತಾತನ ಹೆಸರು. ನಮ್ಮ ತಾತ ಚಂದ್ರಶೇಖರಯ್ಯ, ಅಪ್ಪ ಸುಬ್ಬಣ್ಣ, ನಾನು ಮತ್ತೆ ಚಂದ್ರಶೇಖರ. ಮೊದಲ ಮೊಮ್ಮಗನಿಗೆ ಅಜ್ಜನ ಹೆಸರು ಇಡುವ ರೂಢಿ ಇರುವ ಮನೆಗಳಲ್ಲಿ ಹೆಸರು ಒಂದು ತಲೆಮಾರು ಬಿಟ್ಟು ಒಂದು ತಲೆಮಾರಿಗೆ ವಾಪಸ್ ಬರುತ್ತದೆ. ಇದರಲ್ಲಿ ಒಂದು ತಮಾಷೆಯೂ ಇದೆ. ಪುರಾಣದಲ್ಲಿ ಶಿವನ ಮಗ ಸುಬ್ರಹ್ಮಣ್ಯ. ಚಂದ್ರಶೇಖರ ಅಂದರೆ ತಲೆ ಮೇಲೆ ಚಂದ್ರನನ್ನು ಇಟ್ಟುಕೊಂಡ ಶಿವನೇ. ನಮ್ಮ ಮನೆಗಳಲ್ಲಿ ಮಾತ್ರ ಸುಬ್ರಹ್ಮಣ್ಯನ ಮಗ ಚಂದ್ರಶೇಖರ! ನಮ್ಮಮ್ಮನಿಗಂತೂ ಇದು ದೊಡ್ಡ ಪೀಕಲಾಟ ಆಗಿತ್ತು. ಮಾವನವರ ಹೆಸರು ಹಿಡಿದು ಮಗನಿಗೆ ಬೈಯೋದು ಹೇಗೆ? ಅದಕ್ಕೇ ನಾನು ಮನೆಯಲ್ಲಿ ಕೊನೆಯವರೆಗೂ ‘ಪುಟ್ಟಣ್ಣ’.

ಈ ರೂಢಿ ಎಂಥ ಗೊಂದಲ ಮಾಡಬಹುದು ಅನ್ನೋದಕ್ಕೆ ಬೆಂಗಳೂರಿನಲ್ಲೇ ಒಂದು ಒಳ್ಳೆ ಉದಾಹರಣೆ ಇದೆ. ಸರ್ ಸಿ.ವಿ. ರಾಮನ್ ಅವರ ‘ಸಿ’ ಅಂದರೆ ಚಂದ್ರಶೇಖರ, ಅವರ ತಂದೆಯ ಹೆಸರು. ರಾಮನ್ ಅವರ ಅಣ್ಣ ಸುಬ್ರಹ್ಮಣ್ಯನ್. ಅಣ್ಣನಿಗೆ 1910ರಲ್ಲಿ ಲಾಹೋರಿನಲ್ಲಿ ಗಂಡು ಮಗು ಹುಟ್ಟಿದಾಗ ತಾತನ ಹೆಸರನ್ನೇ ಇಟ್ಟರು. ಆ ಹುಡುಗ ಹತ್ತೊಂಬತ್ತನೇ ವಯಸ್ಸಿನಲ್ಲಿ ಇಂಗ್ಲೆಂಡಿಗೆ ಹಡಗಿನಲ್ಲಿ ಹೋಗುತ್ತಾ, ಶ್ವೇತಕುಬ್ಜದ, ಅಂದರೆ ಉರಿದು ಮುಗಿದು ಕುಗ್ಗಿದ ನಕ್ಷತ್ರದ, ತೂಕಕ್ಕೆ ಒಂದು ಮಿತಿ ಇದೆ ಎಂದು ಲೆಕ್ಕ ಹಾಕಿದ. ನಮ್ಮ ಸೂರ್ಯನ ಸುಮಾರು 1.4 ಪಟ್ಟು. 1983ರಲ್ಲಿ ನೊಬೆಲ್ ಬಂತು. ಅವರು ಎಸ್. ಚಂದ್ರಶೇಖರ್.

ಇನ್ನೊಬ್ಬ ಎಸ್. ಚಂದ್ರಶೇಖರ್ ಇದ್ದರು. ರಾಮನ್ ಅವರ ತಂಗಿ ಸೀತಾಲಕ್ಷ್ಮಿಯವರ ಮಗ, ಹುಟ್ಟಿದ್ದು 1930ರಲ್ಲಿ. ಇವರ ‘ಎಸ್’ ಶಿವರಾಮಕೃಷ್ಣ. ತಾಯಿ ಕಡೆಯಿಂದ ಲೆಕ್ಕ ಹಾಕಿದರೆ ಅದೇ ತಾತ, ಅದೇ ಹೆಸರು. ಇವರೂ ಭೌತವಿಜ್ಞಾನಿ, ಇವರೂ ಲಂಡನ್ನಿನ ರಾಯಲ್ ಸೊಸೈಟಿಯ ಫೆಲೋ. ಮೈಸೂರು ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿ, 1971ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಗೆ ಬಂದರು. ಮೇಖ್ರಿ ಸರ್ಕಲ್ ಹತ್ತಿರ, ಮರಗಳ ನಡುವೆ ಇದೆಯಲ್ಲ, ಅದೇ. ಅವರ ವಿಷಯ ಲಿಕ್ವಿಡ್ ಕ್ರಿಸ್ಟಲ್: ನೀರಿನ ಹಾಗೆ ಹರಿಯುವ, ಆದರೆ ಹರಳಿನ ಹಾಗೆ ಸಾಲು ಹಿಡಿದು ನಿಲ್ಲುವ ವಸ್ತು. ಕ್ಯಾಲ್ಕುಲೇಟರಿನ ಅಂಕಿ ಮೂಡಿಸಿದ್ದು ಇದೇ. ಅಲ್ಲಿಯವರೆಗೆ ಎಲ್ಲರೂ ನೋಡುತ್ತಿದ್ದದ್ದು ಕಡ್ಡಿಯ ಥರ ಇರುವ ಅಣುಗಳನ್ನು. ತಟ್ಟೆಯ ಥರ ಚಪ್ಪಟೆ ಇರುವ ಅಣುಗಳೂ ಡಬ್ಬದಲ್ಲಿ ನಿಪ್ಪಟ್ಟು ಜೋಡಿಸಿದ ಹಾಗೆ ಒಂದರ ಮೇಲೊಂದು ಕೂತು ಹರಿಯಬಲ್ಲವು ಅಂತ ಇವರೂ ಇವರ ಜೊತೆಗಾರರೂ 1977ರಲ್ಲಿ ತೋರಿಸಿದರು. ಆ ಪ್ರಬಂಧ ಅಚ್ಚಾದದ್ದು ಬೆಂಗಳೂರಿನಿಂದಲೇ ಹೊರಡುವ ‘ಪ್ರಮಾಣ’ ಪತ್ರಿಕೆಯಲ್ಲಿ. ಆಮೇಲೆ ಜಾಲಹಳ್ಳಿಯಲ್ಲಿ ಇದಕ್ಕೇ ಅಂತ ಒಂದು ಸಂಶೋಧನಾ ಕೇಂದ್ರ ಕಟ್ಟಿದರು. 2004ರಲ್ಲಿ ಇದೇ ಊರಿನಲ್ಲಿ ತೀರಿಕೊಂಡರು.

ಸಂಬಂಧದಲ್ಲಿ ಸೋದರತ್ತೆ ಮಗ, ಸೋದರಮಾವನ ಮಗ. ಇಬ್ಬರಿಗೂ ಒಂದೇ ಇನಿಷಿಯಲ್, ಒಂದೇ ಹೆಸರು, ಒಂದೇ ಶಾಸ್ತ್ರ. ಪ್ರಬಂಧದ ತಲೆಯ ಮೇಲೆ ‘ಎಸ್. ಚಂದ್ರಶೇಖರ್’ ಅಂತ ಮಾತ್ರ ಇದ್ದರೆ ಒಳಗಿನ ವಿಷಯ ಓದಿಯೇ ಯಾರದು ಅಂತ ಹೇಳಬೇಕು. ಬೆಂಗಳೂರಿನವರಿಗೆ ನೊಬೆಲ್ ಚಂದ್ರಶೇಖರರ ಹೆಸರು ಜಾಸ್ತಿ ಗೊತ್ತು. ಊರಲ್ಲೇ ಇದ್ದವರ ಹೆಸರು ಕಮ್ಮಿ. ನನಗಂತೂ ಇದು ಬೇಜಾರಿನ ಸಂಗತಿ.

ಮೂರನೆಯವರನ್ನು ಗೊತ್ತಿಲ್ಲ ಅನ್ನುವವರು ಬೆಂಗಳೂರಿನಲ್ಲಿ ಸಿಗಲಿಕ್ಕಿಲ್ಲ. ಬಿ.ಎಸ್. ಚಂದ್ರಶೇಖರ್. ಬಿ.ಎಸ್. ಅಂದರೆ ಭಾಗವತ್ ಸುಬ್ರಹ್ಮಣ್ಯ. ನೋಡಿ, ಇಲ್ಲೂ ಸುಬ್ರಹ್ಮಣ್ಯ! 1945ರಲ್ಲಿ ಮೈಸೂರಿನಲ್ಲಿ ಹುಟ್ಟಿದರು. ಚಿಕ್ಕವರಿದ್ದಾಗಲೇ ಪೋಲಿಯೋ ಬಂದು ಬಲಗೈ ಸೊರಗಿತು. ಅದೇ ಕೈಯಲ್ಲಿ ಲೆಗ್‌ಸ್ಪಿನ್ ಹಾಕಿದರು, ಅದೂ ಮೀಡಿಯಂ ಪೇಸಿನವರ ವೇಗದಲ್ಲಿ. 1971ರ ಓವಲ್ ಟೆಸ್ಟಿನಲ್ಲಿ 38 ರನ್ನಿಗೆ 6 ವಿಕೆಟ್. ಇಂಗ್ಲೆಂಡ್ 101ಕ್ಕೆ ಆಲೌಟ್. ಇಂಗ್ಲೆಂಡ್ ನೆಲದಲ್ಲಿ ಭಾರತದ ಮೊದಲ ಟೆಸ್ಟ್ ಗೆಲುವು ಅದು. ಒಟ್ಟು 58 ಟೆಸ್ಟ್, 242 ವಿಕೆಟ್, 167 ರನ್. ರನ್ನಿಗಿಂತ ವಿಕೆಟ್ಟೇ ಜಾಸ್ತಿ ಅನ್ನೋದನ್ನು ಕುಣಿಗಲ್ಲಿನ ಚಂದ್ರಶೇಖರ್ ಇಡ್ಲಿ ಮುರಿಯುತ್ತಾ ಮೂರು ಸಲ ಹೇಳಿದರು. ಮೆಲ್ಬರ್ನಿನ ಕತೆ ನಾನು ಸೇರಿಸಿದೆ. 1977–78ರ ಪ್ರವಾಸದಲ್ಲಿ ಅಲ್ಲಿ ಎರಡೂ ಇನ್ನಿಂಗ್ಸಿನಲ್ಲಿ ಅವರದು 52 ರನ್ನಿಗೆ 6. ಒಂದೇ ಹೆಸರಿನವರ ಹಾಗೆ ಒಂದೇ ಲೆಕ್ಕ. ಭಾರತ ಗೆದ್ದದ್ದೂ 222 ರನ್ನಿನಿಂದ.

ಅವರನ್ನು ಮೈದಾನದಲ್ಲಿ ಕರೆಯುತ್ತಿದ್ದದ್ದು ‘ಚಂದ್ರ’ ಅಂತ. ಅಮೆರಿಕದಲ್ಲಿ ನೊಬೆಲ್ ಚಂದ್ರಶೇಖರರನ್ನು ಸಹೋದ್ಯೋಗಿಗಳು ಕರೆಯುತ್ತಿದ್ದದ್ದೂ ‘ಚಂದ್ರ’. 1999ರಲ್ಲಿ ನಾಸಾ ಹಾರಿಸಿದ ಎಕ್ಸ್‌ರೇ ದೂರದರ್ಶಕಕ್ಕೆ ಚಂದ್ರ ಅಂತಲೇ ಹೆಸರಾಯಿತು. ಲಡಾಖಿನ ಹಾನ್ಲೆಯಲ್ಲಿ ಹಿಮಾಲಯನ್ ಚಂದ್ರ ಟೆಲಿಸ್ಕೋಪ್ ಇದೆ. ಎರಡು ಮೀಟರ್ ಅಗಲದ ಕನ್ನಡಿ, 4500 ಮೀಟರ್ ಎತ್ತರದ ಜಾಗ. ಅದನ್ನು ಅಲ್ಲಾಡಿಸುವುದು ಎಲ್ಲಿಂದ ಗೊತ್ತಾ? ಬೆಂಗಳೂರಿನ ಪಕ್ಕದ ಹೊಸಕೋಟೆಯಿಂದ, ಉಪಗ್ರಹದ ಸಂಪರ್ಕದಲ್ಲಿ. ಹೊಸಕೋಟೆ ಅಂದರೆ ನಮಗೆ ಬಿರಿಯಾನಿ ಮಾತ್ರ ನೆನಪಾಗುತ್ತದೆ, ಅಲ್ವಾ?

ಇನಿಷಿಯಲ್ ವಿಷಯಕ್ಕೆ ಬರೋಣ. ಹಳೇ ಮೈಸೂರಿನ ಲೆಕ್ಕ ಸರಳ: ಮೊದಲು ಊರು, ಆಮೇಲೆ ಅಪ್ಪ, ಕೊನೆಗೆ ನಾವು. ಹಿಂದೆ ಊರನ್ನು ಪೂರ್ತಿಯಾಗಿ ಹೇಳುತ್ತಿದ್ದರು. ಇಂಗ್ಲಿಷ್ ಹಾಜರಿ ಪುಸ್ತಕ ಬಂದಮೇಲೆ ಊರೂ ಅಪ್ಪನೂ ಸೇರಿ ಎರಡು ಅಕ್ಷರಕ್ಕೆ ಇಳಿದರು. ಆ ಊರು ನಾವು ಹುಟ್ಟಿದ ಊರೇ ಆಗಬೇಕಿಲ್ಲ. ಡಿ.ವಿ. ಗುಂಡಪ್ಪನವರು ಹುಟ್ಟಿದ್ದು ಮುಳಬಾಗಿಲಿನಲ್ಲಿ, ‘ಡಿ’ ಮಾತ್ರ ದೇವನಹಳ್ಳಿ. ಸರ್ ಎಂ.ವಿ. ಹುಟ್ಟಿದ್ದು ಮುದ್ದೇನಹಳ್ಳಿಯಲ್ಲಿ, ‘ಎಂ’ ಮಾತ್ರ ಹಿರಿಯರು ಎಂದೋ ಬಿಟ್ಟುಬಂದ ಆಂಧ್ರದ ಮೋಕ್ಷಗುಂಡಂ. ನನ್ನ ‘ಟಿ’ ತುರುವೇಕೆರೆ. ನಾನು ಅಲ್ಲಿ ಒಂದು ರಾತ್ರಿಯೂ ಮಲಗಿದವನಲ್ಲ. ಆದರೂ ಆ ಅಕ್ಷರ ತೆಗೆದರೆ ಏನೋ ಕಳೆದುಕೊಂಡ ಹಾಗೆ.

ಉತ್ತರ ಕರ್ನಾಟಕದವರಿಗೆ ಈ ಇನಿಷಿಯಲ್ ಹಂಗು ಅಷ್ಟಾಗಿ ಇಲ್ಲ. ಅವರದು ಅಡ್ಡಹೆಸರು. ಮನೆತನದ ಕಸುಬಿನಿಂದ ಕಂಬಾರ, ಬಡಿಗೇರ, ಪತ್ತಾರ. ಊರಿನ ಅಧಿಕಾರದಿಂದ ಪಾಟೀಲ, ಕುಲಕರ್ಣಿ, ದೇಸಾಯಿ. ಮೆಣಸಿನಕಾಯಿ, ಉಳ್ಳಾಗಡ್ಡಿ ಅಂತ ಇಟ್ಟುಕೊಂಡವರೂ ಇದ್ದಾರೆ. 1956ರಲ್ಲಿ ಕನ್ನಡ ಸೀಮೆ ಒಂದಾದಮೇಲೆ ಈ ಎರಡು ಪದ್ಧತಿಯವರೂ ಬೆಂಗಳೂರಿನ ಕಚೇರಿ, ಕಾಲೇಜುಗಳಲ್ಲಿ ಅಕ್ಕಪಕ್ಕ ಕೂತರು.

ಹೀಗೆ ಬಂದವರಲ್ಲಿ ಇಬ್ಬರು ಚಂದ್ರಶೇಖರರು ಸಾಹಿತ್ಯದವರು. ಒಬ್ಬರು ಬೆಳಗಾವಿ ಜಿಲ್ಲೆಯ ಘೋಡಗೇರಿಯ ಚಂದ್ರಶೇಖರ ಕಂಬಾರ, ಇನ್ನೊಬ್ಬರು ಹಾವೇರಿ ಕಡೆಯ ಹತ್ತಿಮತ್ತೂರಿನ ಚಂದ್ರಶೇಖರ ಪಾಟೀಲ. ಎರಡೇ ವರ್ಷದ ಅಂತರ: 1937, 1939. ಇಬ್ಬರೂ ಕವಿಗಳು, ನಾಟಕಕಾರರು. ಇಬ್ಬರೂ ಬೆಂಗಳೂರಿನಲ್ಲಿ ಮನೆ ಮಾಡಿದವರು. ‘ಚಂದ್ರಶೇಖರ ಅವರ ನಾಟಕ’ ಅಂದರೆ ಮುಗಿಯಿತು ಕತೆ. ಆದರೆ ಯಾರಿಗೂ ಗೊಂದಲ ಆಗಲೇ ಇಲ್ಲ. ಕಂಬಾರರಿಗೆ ಅಡ್ಡಹೆಸರೇ ಸಾಕಾಯಿತು. ಕಬ್ಬಿಣ ಕಾಯಿಸಿ ಬಡಿಯುವ ಕಸುಬಿನ ಹೆಸರು 2010ರ ಸಾಲಿನ ಜ್ಞಾನಪೀಠದ ಪಟ್ಟಿಗೆ ಸೇರಿತು. ಪಾಟೀಲರು ನಾಡಿನ ತುಂಬ ಇರುವಾಗ ಬರೀ ಪಾಟೀಲ ಅಂದರೆ ಯಾರಿಗೆ ಗೊತ್ತಾಗಬೇಕು? ಅವರು ಹೆಸರಿನ ಎರಡು ತುದಿ ಹಿಡಿದು ‘ಚಂಪಾ’ ಆದರು. ಪಂಪನಿಗೆ ಪ್ರಾಸ ಬೇರೆ. ಗೋಕಾಕ್ ಚಳವಳಿಯಲ್ಲಿ, ‘ಸಂಕ್ರಮಣ’ ಪತ್ರಿಕೆಯಲ್ಲಿ, ವೇದಿಕೆ ಮೇಲಿನ ಕುಟುಕು ಮಾತಿನಲ್ಲಿ ಎಲ್ಲೆಲ್ಲೂ ಚಂಪಾ. 2022ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಅವರು ತೀರಿಕೊಂಡಾಗ ‘ಚಂಪಾ ಇನ್ನಿಲ್ಲ’ ಅಂದರೆ ಸಾಕಿತ್ತು, ಬೇರೆ ವಿವರ ಬೇಕಿರಲಿಲ್ಲ.

ಕಾಕತಾಳೀಯ ನೋಡಿ. 2017ರಲ್ಲಿ ಮೈಸೂರಿನಲ್ಲಿ ನಡೆದ 83ನೇ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಚಂಪಾ ಅಧ್ಯಕ್ಷರು. ಮುಂದಿನ 84ನೆಯದು 2019ರ ಜನವರಿಯಲ್ಲಿ ಧಾರವಾಡದಲ್ಲಿ. ಅದಕ್ಕೆ ಕಂಬಾರರು. ಬೆನ್ನುಬೆನ್ನಿಗೆ ಎರಡು ಸಮ್ಮೇಳನ, ಇಬ್ಬರು ಚಂದ್ರಶೇಖರರು.

ಸಿನಿಮಾದವರ ದಾರಿ ಇನ್ನೂ ಬೇರೆ. ಪುಟ್ಟಣ್ಣ ಕಣಗಾಲರ ‘ಎಡಕಲ್ಲು ಗುಡ್ಡದ ಮೇಲೆ’ 1973ರಲ್ಲಿ ಬಂತು. ಅದರಲ್ಲಿ ನಟಿಸಿದ ಚಂದ್ರಶೇಖರ್ ಆಮೇಲೆ ಎಷ್ಟು ಚಿತ್ರ ಮಾಡಿದರೂ ‘ಎಡಕಲ್ಲು ಗುಡ್ಡದ ಚಂದ್ರಶೇಖರ್’ ಆಗಿಯೇ ಉಳಿದರು. ಕೆನಡಾಕ್ಕೆ ಹೋಗಿ ನೆಲೆಸಿದರೂ, 2018ರಲ್ಲಿ ಅಲ್ಲೇ ತೀರಿಕೊಂಡರೂ, ಗುಡ್ಡ ಬಿಡಲಿಲ್ಲ. ಬೇರೆಯವರಿಗೆ ಊರು ಇನಿಷಿಯಲ್ ಆದರೆ ಇವರಿಗೆ ಸಿನಿಮಾ. ಮಠದವರ ಮಾತಂತೂ ಬೇಡ. ಶೃಂಗೇರಿಯ ಚಂದ್ರಶೇಖರ ಭಾರತಿಗಳು, ಕಂಚಿಯ ಚಂದ್ರಶೇಖರೇಂದ್ರ ಸರಸ್ವತಿಗಳು: ಅಪ್ಪ ಅಮ್ಮ ಇಟ್ಟ ಹೆಸರು ಬಿಟ್ಟು ಈ ಹೆಸರಿಗೆ ಬಂದವರು ಅವರು.

ಈ ವ್ಯವಸ್ಥೆ ಕೆಟ್ಟದ್ದು ಕಂಪ್ಯೂಟರ್ ಫಾರಂ ಬಂದಮೇಲೆ. ಪಾಸ್‌ಪೋರ್ಟಿನಲ್ಲಿ ಎರಡು ಡಬ್ಬಿ: ಒಂದು ಸ್ವಂತ ಹೆಸರಿಗೆ, ಇನ್ನೊಂದು ಸರ್‌ನೇಮಿಗೆ. ನಮಗೆ ಸರ್‌ನೇಮ್ ಎಲ್ಲಿದೆ? ಪ್ಯಾನ್ ಅರ್ಜಿಯಲ್ಲಿ ಮೊದಲ ಹೆಸರಿಗೂ ಕೊನೆ ಹೆಸರಿಗೂ ಬರೀ ಇನಿಷಿಯಲ್ ಹಾಕುವ ಹಾಗಿಲ್ಲ. ಬಿಡಿಸಿ ಬರೆಯಬೇಕು. ನಾನು ಬಿಡಿಸಿ ಬರೆದೆ. ಒಂದು ಕಾರ್ಡಿನಲ್ಲಿ ತುರುವೇಕೆರೆ ನನ್ನ ಮೊದಲ ಹೆಸರಾಯಿತು, ಸುಬ್ಬಣ್ಣ ನಡುವಿನದು, ಚಂದ್ರಶೇಖರ್ ಕೊನೆಯದು. ಕಾಲ್ ಸೆಂಟರಿನ ಹುಡುಗಿ ‘ಹಲೋ ಮಿಸ್ಟರ್ ತುರುವೇಕೆರೆ’ ಅಂದಾಗ ಊರಿಗೆ ಊರೇ ಎದ್ದು ನಿಂತ ಹಾಗಾಯಿತು. ಇನ್ನೊಂದು ಕಾರ್ಡಿನಲ್ಲಿ ಸುಬ್ಬಣ್ಣ ಸರ್‌ನೇಮ್. ಎರಡೂ ತಾಳೆ ಆಗದೆ ಬ್ಯಾಂಕಿನಲ್ಲಿ ಆರು ತಿಂಗಳು ಓಡಾಡಿದ್ದೇನೆ. ಇಬ್ಬರೂ ನಾನೇ ಅಂತ ಅಫಿಡವಿಟ್ ಬೇರೆ ಮಾಡಿಸಿಕೊಟ್ಟೆ. ಅಮೆರಿಕದ ವೀಸಾದಲ್ಲಂತೂ ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದರೆ ಅದನ್ನು ಸರ್‌ನೇಮ್ ಮಾಡಿ, ಸ್ವಂತ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಅಂತ ಮೂರಕ್ಷರ ಹಾಕುತ್ತಾರೆ. ಮೊದಲ ಹೆಸರು ಗೊತ್ತಿಲ್ಲ ಅಂತ ಅದರ ಅರ್ಥ. ಹೆಸರಿಟ್ಟ ತಾತ ಕೇಳಿದ್ದರೆ ಏನನ್ನುತ್ತಿದ್ದರೋ.

ಇದನ್ನೆಲ್ಲ ನೋಡಿದ ನಮ್ಮ ತಲೆಮಾರು ಮಕ್ಕಳಿಗೆ ಹೆಸರು ಬರೆಸುವಾಗ ಹುಷಾರಾಯಿತು. ಊರು ಬಿಟ್ಟೆವು. ಅಪ್ಪನ ಹೆಸರನ್ನು ಎತ್ತಿ ಕೊನೆಗೆ ಇಟ್ಟೆವು. ನನ್ನ ಮಗನ ಹೆಸರಿನ ಬಾಲದಲ್ಲಿ ಈಗ ಚಂದ್ರಶೇಖರ್ ಇದೆ. ಕರ್ನಾಟಕದಿಂದ ರಾಜ್ಯಸಭೆಯಲ್ಲಿದ್ದ ರಾಜೀವ್ ಚಂದ್ರಶೇಖರ್ ಅವರ ಹೆಸರಿನಲ್ಲೂ ಹಾಗೇ, ಕೊನೆಯದು ಅವರ ತಂದೆಯ ಹೆಸರು. ತಲೆಮಾರು ಬಿಟ್ಟು ಬರುತ್ತಿದ್ದ ಹೆಸರು ಹೀಗೆ ಒಂದೇ ಜಾಗದಲ್ಲಿ ನಿಂತುಬಿಟ್ಟಿದೆ. ಮೊಮ್ಮಗ ಇದ್ದಾನೆ, ಯುಕೆಜಿ. ಅವನ ಕ್ಲಾಸಿನಲ್ಲಿ ಮೂವರು ವಿಹಾನ್ ಇದ್ದಾರಂತೆ. ಚಂದ್ರಶೇಖರ ಒಬ್ಬನೂ ಇಲ್ಲ. ಆ ಮೂವರನ್ನು ಮಿಸ್ ಹೇಗೆ ಕರೆಯುತ್ತಾರೋ ಅಂತ ಕೇಳಿದೆ. ‘ವಿಹಾನ್ ಎಂ, ವಿಹಾನ್ ಆರ್, ದೊಡ್ಡ ವಿಹಾನ್’ ಅಂದ.

ಎರಡನೇ ಸಲ ರಕ್ತ ಕೊಟ್ಟು ಹೊರಗೆ ಬಂದಾಗ ಒಂಬತ್ತೂವರೆ. ನಂಬರ್ ಬದಲಾಯಿಸಿಕೊಂಡೆವು. ನನ್ನ ಫೋನಿನಲ್ಲಿ ಆಗಲೇ ಚಂದ್ರು ಪ್ಲಂಬರ್, ಚಂದ್ರು ಎಲ್‌ಐಸಿ, ಚಂದ್ರು ಷಡ್ಡಕ, ಇನ್ನೂ ನಾಲ್ಕು ಜನ ಇದ್ದರು. ಇವರಿಬ್ಬರನ್ನು ಚಂದ್ರು ಕಡೂರು, ಚಂದ್ರು ಕುಣಿಗಲ್ ಅಂತ ಹಾಕಿಕೊಂಡೆ. ನನ್ನನ್ನು ಏನಂತ ಹಾಕಿಕೊಂಡರೋ ನೋಡೋಣ ಅಂತ ಕಡೂರಿನವರ ಫೋನಿಗೆ ಸುಮ್ನೆ ಒಂದು ಮಿಸ್ಡ್ ಕಾಲ್ ಕೊಟ್ಟೆ. ಪರದೆ ಮೇಲೆ ಬಂತು: ‘ಚಂದ್ರು ಶುಗರ್’.